ಮಾವನ ಅಂಗಿಯಲ್ಲಿ ಕಾಮನಬಿಲ್ಲು: ಕ್ಯಾಮೆರಾದ ಬಣ್ಣ ಕೆಟ್ಟರೆ ಎಲ್ಲಿಂದ ಹುಡುಕಬೇಕು

ತೀರ್ಥಹಳ್ಳಿ ಕಡೆಯ ಒಂದು ಮದುವೆ. ಆಲ್ಬಮ್‌ಗೆ ಫೋಟೋ ಆರಿಸಲು ಹುಡುಗಿ ಮನೆಯವರು ಶಿವಮೊಗ್ಗದ ನಮ್ಮ ಸ್ಟುಡಿಯೋಗೆ ಬಂದಿದ್ದರು. ಧಾರೆ, ಆರತಕ್ಷತೆ, ಎಲ್ಲ ಸರಿಯಾಗಿತ್ತು. ಗ್ರೂಪ್ ಫೋಟೋ ಬಂದಾಗ ಹುಡುಗಿಯ ತಮ್ಮ ಪರದೆಗೆ ಬೆರಳಿಟ್ಟ. "ಅಣ್ಣಾ, ಮಾವನ ಅಂಗಿ ಯಾಕೆ ಹೀಗಿದೆ?"

ಸೋದರಮಾವ ಹಾಕಿದ್ದು ಬಿಳಿ ಕಪ್ಪು ಸಣ್ಣ ಗೆರೆಯ ಅಂಗಿ. ಫೋಟೋದಲ್ಲಿ ಅದರ ಎದೆಯ ಮೇಲೆ ಕಿತ್ತಳೆ ಮತ್ತು ನೀಲಿ ಅಲೆಗಳು ಹರಿದಾಡುತ್ತಿದ್ದವು. ಪಕ್ಕದಲ್ಲಿ ನಿಂತ ಅತ್ತೆಯ ಸೀರೆಗೆ ಏನೂ ಆಗಿರಲಿಲ್ಲ. ಕ್ಯಾಮೆರಾ ಹೊಸದು, ಕೊಂಡು ಆರು ತಿಂಗಳೂ ಆಗಿರಲಿಲ್ಲ. ರಿಪೇರಿಯವರೊಬ್ಬರ ಹತ್ತಿರ ಒಯ್ದೆ. ಅವರು ಫೋಟೋ ನೋಡಿ, "ಸೆನ್ಸರ್ ಹೋಗಿದೆ, ಮಲೆನಾಡಿನ ಥಂಡಿ ನೋಡಿ" ಅಂದರು. ಅವರು ಹೇಳಿದ ರೇಟಿಗೆ ಹಳೇ ಸ್ಕೂಟರ್ ಬರುತ್ತಿತ್ತು.

ಸೆನ್ಸರ್ ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್. ಅದು ಹೋಗಿರಲಿಲ್ಲ. ಅದನ್ನು ಕಂಡುಹಿಡಿಯಲು ನಾನು ಮಾಡಿದ್ದನ್ನು, ಆಮೇಲೆ ಬೇರೆಯವರ ಕ್ಯಾಮೆರಾಗಳಲ್ಲಿ ಕಂಡ ಬಣ್ಣದ ತೊಂದರೆಗಳನ್ನು ಇಲ್ಲಿ ಬರೆದಿದ್ದೇನೆ. ರಿಪೇರಿಗೆ ಕೊಡುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವು.

ಕ್ಯಾಮೆರಾಗೆ ಬಣ್ಣ ಕಾಣುವುದಿಲ್ಲ

ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಸೆನ್ಸರ್‌ನ ಪಿಕ್ಸೆಲ್‌ಗೆ (ಅಂದರೆ ಬೆಳಕು ಅಳೆಯುವ ಒಂದೊಂದು ಸಣ್ಣ ಚುಕ್ಕಿಗೆ) ಎಷ್ಟು ಬೆಳಕು ಬಿತ್ತು ಅನ್ನುವುದು ಮಾತ್ರ ಗೊತ್ತು, ಯಾವ ಬಣ್ಣದ್ದು ಅಂತ ಗೊತ್ತಿಲ್ಲ. ಹಾಗಾಗಿ ಪ್ರತಿ ಪಿಕ್ಸೆಲ್ ತಲೆಯ ಮೇಲೆ ಒಂದೊಂದು ಬಣ್ಣದ ಫಿಲ್ಟರ್ ಕೂರಿಸಿರುತ್ತಾರೆ. ಒಂದಕ್ಕೆ ಒಂದೇ ಬಣ್ಣ.

ಚುಕ್ಕಿ ರಂಗೋಲಿ ನೆನಪು ಮಾಡಿಕೊಳ್ಳಿ. ಮೊದಲ ಸಾಲಿನಲ್ಲಿ ಕೆಂಪು, ಹಸಿರು, ಕೆಂಪು, ಹಸಿರು. ಅದರ ಕೆಳಗಿನ ಸಾಲಿನಲ್ಲಿ ಹಸಿರು, ನೀಲಿ, ಹಸಿರು, ನೀಲಿ. ಈ ಎರಡು ಸಾಲೇ ಸೆನ್ಸರ್ ತುಂಬ ಮತ್ತೆ ಮತ್ತೆ ಬರುತ್ತವೆ. ಅಮೆರಿಕದ ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಈ ಜೋಡಣೆಗೆ 1975ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1976ರಲ್ಲಿ ಅದು ಸಿಕ್ಕಿತು. ಅದಕ್ಕೇ ಬೇಯರ್ ಫಿಲ್ಟರ್ ಅಂತ ಹೆಸರು. ಅದೇ 1975ರಲ್ಲಿ ಅದೇ ಕಂಪನಿಯ ಸ್ಟೀವ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮೆರಾ ಬರೀ ಕಪ್ಪು ಬಿಳುಪಿನದು.

ಹಸಿರು ಯಾಕೆ ಎರಡು ಪಾಲು? ನಮ್ಮ ಕಣ್ಣು ಬೆಳಕು ನೆರಳಿನ ಸಣ್ಣ ವ್ಯತ್ಯಾಸವನ್ನು ಹೆಚ್ಚಾಗಿ ಗುರುತಿಸುವುದು ಹಸಿರಿನ ಆಸುಪಾಸಿನ ಬೆಳಕಿನಲ್ಲೇ. ಹಾಗಾಗಿ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 1 ಕೋಟಿ 20 ಲಕ್ಷ ಹಸಿರು, 60 ಲಕ್ಷ ಕೆಂಪು, 60 ಲಕ್ಷ ನೀಲಿ ಪಿಕ್ಸೆಲ್ ಇರುತ್ತವೆ. ಆದರೆ ಫೋಟೋದಲ್ಲಿ ಪ್ರತಿ ಪಿಕ್ಸೆಲ್‌ಗೂ ಮೂರೂ ಬಣ್ಣ ಬೇಕಲ್ವಾ? ಇಲ್ಲದ ಎರಡನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಕ್ಯಾಮೆರಾ ಇಲ್ಲವೇ ಸಾಫ್ಟ್‌ವೇರ್ ಊಹಿಸುತ್ತದೆ. ಈ ಊಹೆಯ ಕೆಲಸಕ್ಕೆ ಡಿಮೊಸೈಕಿಂಗ್ ಅಂತ ಹೆಸರು. ಅಂದರೆ ನಿಮ್ಮ ಫೋಟೋದ ಬಣ್ಣದಲ್ಲಿ ಮೂರನೇ ಒಂದು ಪಾಲು ಅಳೆದದ್ದು, ಮೂರನೇ ಎರಡು ಪಾಲು ಅಂದಾಜು. ಬಹಳ ಒಳ್ಳೆ ಅಂದಾಜು. ಆದರೂ ಅಂದಾಜೇ.

ಹಾಗಾಗಿ ಬಣ್ಣ ತಪ್ಪಿದರೆ ನಾನು ಮೊದಲು ಕೇಳಿಕೊಳ್ಳುವುದು ಇದು: ತಪ್ಪು ಬೆಳಕು ಒಳಗೆ ಬರುವಾಗಲೇ ಆಯಿತೋ, ಅಳೆಯುವಾಗ ಆಯಿತೋ, ಅಂದಾಜು ಮಾಡುವಾಗ ಆಯಿತೋ? ಮೊದಲನೆಯದು ಲೆನ್ಸಿನ, ಎದುರಿನ ಗಾಜಿನ ಕಡೆ. ಎರಡನೆಯದು ಸೆನ್ಸರ್. ಮೂರನೆಯದಕ್ಕೆ ಬಿಚ್ಚಿ ರಿಪೇರಿ ಮಾಡುವಂಥದ್ದು ಏನೂ ಇರುವುದಿಲ್ಲ.

ಅಂಗಿಯನ್ನೇ ಕೇಳಿ ತಂದೆ

ಸಂಕೋಚ ಬಿಟ್ಟು ಮಾವನಿಗೆ ಫೋನ್ ಮಾಡಿದೆ. ನಕ್ಕರು, ಆದರೆ ಅಂಗಿ ಕಳಿಸಿದರು. ಸ್ಕೇಲ್ ಇಟ್ಟು ನೋಡಿದೆ. ಒಂದು ಬಿಳಿ ಗೆರೆ ಒಂದು ಕಪ್ಪು ಗೆರೆ ಸೇರಿ ಸರಿಯಾಗಿ 1 ಮಿಲಿಮೀಟರ್. ಅಂಗಳದ ಹಗ್ಗಕ್ಕೆ ನೇತುಹಾಕಿ, ಟೇಪು ಹಿಡಿದು ನೆಲಕ್ಕೆ ಗುರುತು ಹಾಕಿಕೊಂಡು, 50 ಮಿಲಿಮೀಟರ್ ಲೆನ್ಸಿನಲ್ಲಿ ಒಂದೊಂದೇ ದೂರದಿಂದ ತೆಗೆದೆ.

6 ಅಡಿಯಿಂದ ಗೆರೆಗಳು ಚೊಕ್ಕ, ಬಣ್ಣವಿಲ್ಲ. 10 ಅಡಿಯಲ್ಲಿ ಅಲ್ಲಲ್ಲಿ ಸಣ್ಣ ಬಣ್ಣದ ಕಲೆ. 15 ಅಡಿಯಲ್ಲಿ ಬಟ್ಟೆ ತುಂಬ ಸಣ್ಣ ಸಣ್ಣ ಬಣ್ಣದ ಎಳೆ. 20 ಅಡಿಗೆ ಬಂದಾಗ ಅದೇ ಕಿತ್ತಳೆ ನೀಲಿ ಅಲೆ, ಅಗಲವಾಗಿ, ಬಟ್ಟೆಯ ಮಡಿಕೆಯ ಜೊತೆ ಬಳುಕುತ್ತಾ. 30 ಅಡಿಯಲ್ಲಿ ಅಂಗಿ ಬರೀ ಬೂದು.

20 ಅಡಿಯೇ ಯಾಕೆ ಅಂತ ಲೆಕ್ಕ ಹಾಕಿದರೆ ಸಿಗುತ್ತದೆ. ನನ್ನ ಕ್ಯಾಮೆರಾದ ಒಂದು ಪಿಕ್ಸೆಲ್ ಅಗಲ ಸುಮಾರು 4 ಮೈಕ್ರಾನ್, ಅಂದರೆ ಮಿಲಿಮೀಟರಿನ 250ನೇ ಒಂದು ಪಾಲು. 50 ಮಿಲಿಮೀಟರ್ ಲೆನ್ಸು 20 ಅಡಿ ದೂರದ 1 ಮಿಲಿಮೀಟರನ್ನು ಸೆನ್ಸರ್ ಮೇಲೆ ಸುಮಾರು 8 ಮೈಕ್ರಾನಿಗೆ ಇಳಿಸುತ್ತದೆ. ಎರಡು ಪಿಕ್ಸೆಲ್. ಅಂದರೆ ಒಂದು ಬಿಳಿ ಗೆರೆಗೆ ಪಿಕ್ಸೆಲ್‌ಗಳ ಒಂದು ನಿಂತ ಸಾಲು, ಒಂದು ಕಪ್ಪು ಗೆರೆಗೆ ಪಕ್ಕದ ನಿಂತ ಸಾಲು.

ಈಗ ಆ ರಂಗೋಲಿಯನ್ನು ನಿಂತ ಸಾಲಿನ ಹಾಗೆ ಓದಿ. ಒಂದು ನಿಂತ ಸಾಲಿನಲ್ಲಿ ಕೆಂಪು, ಹಸಿರು ಮಾತ್ರ ಇವೆ. ಪಕ್ಕದ ಸಾಲಿನಲ್ಲಿ ಹಸಿರು, ನೀಲಿ ಮಾತ್ರ. ಬಿಳಿ ಗೆರೆಯ ಬೆಳಕು 200, ಕಪ್ಪಿನದು 40 ಅಂತಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಮೂರೂ ಬಣ್ಣದ ಪಿಕ್ಸೆಲ್ ಒಂದೇ ಸಮ ಬೆಳಕು ಹಿಡಿಯುತ್ತವೆ ಅಂದುಕೊಳ್ಳೋಣ. ಬಿಳಿ ಗೆರೆ ಕೆಂಪಿರುವ ಸಾಲಿನ ಮೇಲೆ ಬಿದ್ದರೆ ಕೆಂಪು 200 ಓದುತ್ತದೆ. ನೀಲಿ ಪಿಕ್ಸೆಲ್‌ಗಳೆಲ್ಲ ಕಪ್ಪು ಗೆರೆಯ ಕೆಳಗಿವೆ, ಅವು 40 ಓದುತ್ತವೆ. ಹಸಿರು ಎರಡೂ ಕಡೆ ಇದೆ, ಸರಾಸರಿ 120. ಕೆಂಪು 200, ಹಸಿರು 120, ನೀಲಿ 40. ಈ ಮೂರನ್ನು ಕಂಪ್ಯೂಟರಿನಲ್ಲಿ ಯಾವುದಾದರೂ ಬಣ್ಣದ ಪೆಟ್ಟಿಗೆಗೆ ಹಾಕಿ ನೋಡಿ, ಕಿತ್ತಳೆ ಬರುತ್ತದೆ. ಗೆರೆ ಒಂದೇ ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿದರೆ ಅಂಕಿ ತಿರುವುಮುರುವು: 40, 120, 200. ನೀಲಿ!

ಗೆರೆಯ ಅಗಲ ಪಿಕ್ಸೆಲ್ ಅಗಲಕ್ಕೆ ಕರಾರುವಾಕ್ಕಾಗಿ ಹೊಂದುವುದಿಲ್ಲವಲ್ಲ, ಸ್ವಲ್ಪ ಸ್ವಲ್ಪವೇ ಜಾರುತ್ತಾ ಹೋಗುತ್ತದೆ. ಜಾರಿದಂತೆಲ್ಲ ಕಿತ್ತಳೆ ನೀಲಿಯಾಗಿ, ನೀಲಿ ಮತ್ತೆ ಕಿತ್ತಳೆಯಾಗುತ್ತದೆ. ಮಾವನ ಎದೆಯ ಮೇಲಿನ ಅಲೆ ಅದೇ. ಫ್ರೆಂಚರು ಇಟ್ಟ ಹೆಸರು ಮ್ವಾರೆ. ನಮ್ಮ ಅಂಗಡಿ ಹುಡುಗ ಅದನ್ನು "ಮೋರೆ" ಅಂತಲೇ ಕರೆಯುತ್ತಾನೆ. "ಅಣ್ಣಾ, ಈ ಫೋಟೋದಲ್ಲಿ ಅಂಗಿಗೂ ಮೋರೆ ಬಂದಿದೆ" ಅಂತ.

ಇದೇ ದೋಷವೋ ಅಂತ ಖಾತ್ರಿ ಮಾಡಿಕೊಳ್ಳಲು ನಾಲ್ಕು ನೋಟ ಸಾಕು. ಮೊದಲು ಫೋಟೋವನ್ನು ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿ. ಅಲೆ ಮಾಯವಾದರೆ ಅದು ಫೋಟೋದಲ್ಲಿಲ್ಲ, ನಿಮ್ಮ ಮಾನಿಟರ್ ಅಥವಾ ಕ್ಯಾಮೆರಾ ಪರದೆ ಚಿತ್ರವನ್ನು ಕುಗ್ಗಿಸಿ ತೋರಿಸುವಾಗ ಹುಟ್ಟಿದ್ದು. ಎಷ್ಟೋ ಜನ ಇಷ್ಟಕ್ಕೇ ಹೆದರಿ ಬರುತ್ತಾರೆ. ಎರಡನೆಯದು, ಎರಡು ಹೆಜ್ಜೆ ಹಿಂದೆ ಮುಂದೆ ಹೋಗಿ ತೆಗೆಯಿರಿ. ಅಲೆಯ ಆಕಾರ ಬದಲಾಗಬೇಕು. ಮೂರನೆಯದು, ಫೋಕಸ್ ಕೂದಲೆಳೆಯಷ್ಟು ತಪ್ಪಿಸಿ, ಇಲ್ಲವೇ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಚಿಕ್ಕದು ಮಾಡಿ ಎಫ್ 16ಕ್ಕೆ ತನ್ನಿ. ನನ್ನ ಅಂಗಳದಲ್ಲಿ ಎಫ್ 16ಕ್ಕೆ ಬಣ್ಣ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಅಷ್ಟು ಚಿಕ್ಕ ಕಿಂಡಿಯಲ್ಲಿ ನುಗ್ಗುವ ಬೆಳಕು ತಾನೇ ಹರಡಿಕೊಂಡು, ಅಷ್ಟು ಸಣ್ಣ ಗೆರೆಗಳು ಸೆನ್ಸರ್ ತಲುಪುವ ಮೊದಲೇ ಅಳಿಸಿಹೋಗುತ್ತವೆ.

ನಾಲ್ಕನೆಯದು ರಾ ಫೈಲ್ (ಸೆನ್ಸರ್ ಅಳೆದದ್ದನ್ನು ಅಂದಾಜು ಮಾಡದೆ ಹಾಗೇ ಇಟ್ಟ ಫೈಲ್) ಇದ್ದವರಿಗೆ. ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಲ್ಲಿ ತೆರೆದು ಡಿಮೊಸೈಕ್ ವಿಧಾನ ಬದಲಿಸಿ. ಎರಡೂ ಪುಕ್ಕಟೆ ಸಿಗುವ ಸಾಫ್ಟ್‌ವೇರ್. ವಿಧಾನ ಬದಲಿಸಿದಾಗ ಬಣ್ಣದ ಕಲೆ ಹೆಚ್ಚುಕಡಿಮೆಯಾದರೆ ತಪ್ಪು ಅಂದಾಜಿನದು, ಸೆನ್ಸರ್‌ನದಲ್ಲ. ರಾಥೆರಪಿಯಲ್ಲಿ ಅಂದಾಜನ್ನೇ ನಿಲ್ಲಿಸಿ ಸೆನ್ಸರ್‌ನ ಚುಕ್ಕಿಗಳನ್ನು ಇದ್ದ ಹಾಗೇ ತೋರಿಸುವ ಆಯ್ಕೆಯೂ ಇದೆ. ಒಮ್ಮೆಯಾದರೂ ಹಾಕಿ ನೋಡಿ. ನಿಮ್ಮ ಅಚ್ಚುಮೆಚ್ಚಿನ ಫೋಟೋ ಕೆಂಪು ಹಸಿರು ನೀಲಿ ಚೌಕಗಳ ಚಾಪೆಯಾಗಿ ಬಿಚ್ಚಿಕೊಳ್ಳುತ್ತದೆ.

ಆದರೆ ಹಳೇ ಕ್ಯಾಮೆರಾದಲ್ಲಿ ಹತ್ತು ವರ್ಷ ಮದುವೆ ತೆಗೆದರೂ ಇದು ಹೀಗೆ ಬಂದಿರಲಿಲ್ಲ. ಅದೇ ನನ್ನನ್ನು ಕಾಡಿದ್ದು. ಉತ್ತರ ಸೆನ್ಸರ್ ಮುಂದಿನ ಗಾಜಿನಲ್ಲಿತ್ತು. ಹಳೆಯ ಕ್ಯಾಮೆರಾದಲ್ಲಿ ಲೋ ಪಾಸ್ ಫಿಲ್ಟರ್ ಅನ್ನುವ ಒಂದು ಪದರ ಇತ್ತು. ಅದು ಒಂದು ಬೆಳಕಿನ ಚುಕ್ಕಿಯನ್ನು ನಾಲ್ಕಾಗಿ ಒಡೆದು ಪಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಹಂಚುತ್ತದೆ. ಬೇಕೆಂದೇ ಸ್ವಲ್ಪ ಮಸುಕು. ಸಣ್ಣ ಗೆರೆ ಒಂದೇ ಬಣ್ಣದ ಸಾಲಿಗೆ ಸಿಕ್ಕಿಹಾಕಿಕೊಳ್ಳದ ಹಾಗೆ. 2012ರಿಂದೀಚೆಗೆ ಹೆಚ್ಚು ಸ್ಪಷ್ಟತೆ ಬೇಕು ಅಂತ ಕಂಪನಿಗಳು ಒಂದೊಂದಾಗಿ ಆ ಪದರ ತೆಗೆಯುತ್ತಾ ಬಂದವು. ನನ್ನ ಹೊಸ ಕ್ಯಾಮೆರಾದಲ್ಲೂ ಅದಿಲ್ಲ. ಅಂದರೆ ದುಡ್ಡು ಕೊಟ್ಟು ನಾನೇ ಈ ಅಲೆ ಕೊಂಡಿದ್ದೆ.

ಮದುವೆಮನೆಯಲ್ಲಿ ಅಂಗಿ ಬದಲಿಸಿ ಬನ್ನಿ ಅಂತ ಮಾವನಿಗೆ ಹೇಳುವಂತಿಲ್ಲ. ಸಣ್ಣ ಗೆರೆ, ಸಣ್ಣ ಚೌಕುಳಿ ಕಂಡ ಕೂಡಲೇ ನಾನು ನಿಂತ ಜಾಗ ಬದಲಿಸಿ ಇನ್ನೊಂದು ತೆಗೆದಿಡುತ್ತೇನೆ, ಮತ್ತು ರಾ ಫೈಲ್ ಬಿಡುವುದಿಲ್ಲ. ಜೇಪೆಗ್‌ನಲ್ಲಿ ಕ್ಯಾಮೆರಾ ಅಂದಾಜು ಮಾಡಿ ಮುಗಿಸಿರುತ್ತದೆ, ಆಮೇಲೆ ಬ್ರಷ್ ಹಿಡಿದು ಬಣ್ಣ ತೊಳೆಯುವುದೊಂದೇ ದಾರಿ. ಮಾವನ ಫೋಟೋ ರಾ ಇದ್ದದ್ದರಿಂದ ಸುಳ್ಳು ಬಣ್ಣ ತಗ್ಗಿಸುವ ಸ್ಲೈಡರ್ ಎರಡು ಹೆಜ್ಜೆ ಏರಿಸಿ, ಉಳಿದದ್ದನ್ನು ಅಂಗಿಯ ಮೇಲೆ ಮಾತ್ರ ಕೈಯಲ್ಲಿ ಒರೆಸಿದೆ.

ರಾತ್ರಿ ಫೋಟೋದಲ್ಲಿ ಬಣ್ಣದ ಚುಕ್ಕಿ

ಕೊಡಚಾದ್ರಿಯಲ್ಲಿ ನಕ್ಷತ್ರ ತೆಗೆದು ಬಂದ ಗೆಳೆಯನೊಬ್ಬ ಕೆಂಪು ನಕ್ಷತ್ರ ಸಿಕ್ಕಿದೆ ಅಂತ ಖುಷಿಯಲ್ಲಿದ್ದ. ಅದು ಮೂರು ಫೋಟೋದಲ್ಲೂ ಫ್ರೇಮಿನ ಅದೇ ಮೂಲೆಯಲ್ಲಿತ್ತು. ಪಕ್ಕದ ನಕ್ಷತ್ರಗಳು ಮಾತ್ರ ಜಾರಿದ್ದವು. ಭೂಮಿ ತಿರುಗುವಾಗ ತಾನು ಮಾತ್ರ ಕದಲದೆ ನಿಂತ ನಕ್ಷತ್ರ ಅಂದರೆ ಅದು ಕ್ಯಾಮೆರಾದೊಳಗಿದೆ.

ಇದು ಹಾಟ್ ಪಿಕ್ಸೆಲ್. ಬೆಳಕು ಬೀಳದಿದ್ದರೂ ಬಿದ್ದ ಹಾಗೆ ಓದುವ ಒಂದು ಪಿಕ್ಸೆಲ್. ಕೆಂಪು ಫಿಲ್ಟರ್ ಕೆಳಗಿದ್ದರೆ ಕೆಂಪು ಚುಕ್ಕಿ, ನೀಲಿಯ ಕೆಳಗಿದ್ದರೆ ನೀಲಿ. ಸುತ್ತಲಿನ ಪಿಕ್ಸೆಲ್‌ಗಳ ಬಣ್ಣ ಅಂದಾಜು ಮಾಡುವಾಗ ಅದರ ಸುಳ್ಳು ಅಂಕಿಯೂ ಸೇರಿಕೊಳ್ಳುತ್ತದೆ. ಹಾಗಾಗಿ ಒಂದು ಪಿಕ್ಸೆಲ್ ತಪ್ಪು ಸಣ್ಣ ಹೂವಿನ ಹಾಗೆ ಅರಳಿ ಕಾಣುತ್ತದೆ. ಲೆನ್ಸ್ ಕ್ಯಾಪ್ ಹಾಕಿ, 30 ಸೆಕೆಂಡಿನ ಎರಡು ಫೋಟೋ ತೆಗೆಯಿರಿ. ಎರಡರಲ್ಲೂ ಒಂದೇ ಜಾಗದಲ್ಲಿ ಚುಕ್ಕಿ ಇದ್ದರೆ ಅದೇ. ಐದಾರು ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲ ಸೆನ್ಸರ್‌ನಲ್ಲೂ ಇರುತ್ತವೆ. ಸೆನ್ಸರ್ ಬಿಸಿಯಾದಷ್ಟೂ ಜಾಸ್ತಿ, 6ರಿಂದ 8 ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟು. ಹಗಲಿಡೀ ಕಾರಿನ ಬಿಸಿಲಲ್ಲಿ ಬಿದ್ದಿದ್ದ ಕ್ಯಾಮೆರಾವನ್ನು ತಕ್ಷಣ ನಕ್ಷತ್ರಕ್ಕೆ ಹಿಡಿದರೆ ಜಾತ್ರೆಯೇ ಕಾಣುತ್ತದೆ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಹಾಕಿದರೆ ಕ್ಯಾಮೆರಾ ಶಟರ್ ಮುಚ್ಚಿ ಅಷ್ಟೇ ಹೊತ್ತಿನ ಇನ್ನೊಂದು ಫೋಟೋ ತೆಗೆದು ಇವನ್ನು ಕಳೆಯುತ್ತದೆ. ಕಾಯುವ ಹೊತ್ತು ಎರಡು ಪಟ್ಟಾಗುತ್ತದೆ, ಅಷ್ಟೇ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಪಿಕ್ಸೆಲ್ ಮ್ಯಾಪಿಂಗ್ ಇರುತ್ತದೆ. ಅದು ಕೆಟ್ಟ ಪಿಕ್ಸೆಲ್‌ಗಳ ಪಟ್ಟಿ ಮಾಡಿ, ಅವನ್ನು ಲೆಕ್ಕಕ್ಕೆ ಹಿಡಿಯದ ಹಾಗೆ ಮಾಡುತ್ತದೆ.

ಅಡಿಕೆ ಅಂಗಳದ ಗುಲಾಬಿ ಸಿಸಿಟಿವಿ

ಹೊಸನಗರದಲ್ಲಿ ನಮ್ಮ ಭಾವನ ಮನೆ. ಒಣಹಾಕಿದ ಅಡಿಕೆ ಕಾಯಲು ಅಂಗಳಕ್ಕೆ ಸಿಸಿಟಿವಿ ಹಾಕಿಸಿದ್ದಾರೆ. ಒಂದು ಮಳೆಗಾಲ ಕಳೆದ ಮೇಲೆ ಹಗಲು ಹೊತ್ತು ಎಲ್ಲ ಗುಲಾಬಿ. ತೋಟದ ಹಸಿರೆಲ್ಲ ನೇರಳೆಯಾಗಿ ಪೇಲವ. ರಾತ್ರಿ ಮಾತ್ರ ಸರಿ. "ನೀನು ಕ್ಯಾಮೆರಾದವನಲ್ಲ, ನೋಡು ಮಾರಾಯ" ಅಂದರು ಭಾವ.

ಹಗಲು ಕೆಟ್ಟು ರಾತ್ರಿ ಸರಿಯಿದ್ದರೆ ಸೆನ್ಸರ್ ಮೇಲೆ ಅನುಮಾನ ಬೇಡ. ಬೇಯರ್ ಫಿಲ್ಟರಿನ ಬಣ್ಣಗಳು ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಬೇರೆ ಮಾಡುತ್ತವೆ. ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕೆಂಪು, ಹಸಿರು, ನೀಲಿ ಮೂರೂ ಒಳಗೆ ಬಿಟ್ಟುಬಿಡುತ್ತವೆ. ಅದಕ್ಕೇ ಮುಂದೆ ಇನ್‌ಫ್ರಾರೆಡ್ ತಡೆಯುವ ಇನ್ನೊಂದು ಗಾಜು ಬೇಕು. ಸಿಸಿಟಿವಿಯಲ್ಲಿ ಈ ಗಾಜು ಹಗಲು ಅಡ್ಡ ಬರುತ್ತದೆ, ರಾತ್ರಿ ಇನ್‌ಫ್ರಾರೆಡ್ ದೀಪದಲ್ಲಿ ನೋಡಲು ಪಕ್ಕಕ್ಕೆ ಸರಿಯುತ್ತದೆ. ಭಾವನ ಕ್ಯಾಮೆರಾದಲ್ಲಿ ಅದು ಸರಿದ ಕಡೆಯೇ ಅಂಟಿಕೊಂಡಿತ್ತು.

ಗುಲಾಬಿಯೇ ಯಾಕೆ? ಬೂದು ಸಿಮೆಂಟು ನೆಲ ತೆಗೆದುಕೊಳ್ಳಿ. ಸೆನ್ಸರ್ ಓದಿದ್ದು ಕೆಂಪು 50, ಹಸಿರು 100, ನೀಲಿ 50 ಅಂತಿರಲಿ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿದೂಗಿಸುವ ಲೆಕ್ಕ) ಕೆಂಪು ನೀಲಿಗಳನ್ನು ಎರಡರಿಂದ ಗುಣಿಸಿ ಮೂರನ್ನೂ 100 ಮಾಡುತ್ತದೆ, ಬೂದು ಬಂತು. ಈಗ ಇನ್‌ಫ್ರಾರೆಡ್ ಮೂರಕ್ಕೂ 60 ಸೇರಿಸಿತು: 110, 160, 110. ಗುಣಿಸಿದರೆ 220, 160, 220. ಹಸಿರು ಹಿಂದೆ ಬಿತ್ತು, ಗುಲಾಬಿ ಆಯಿತು. ಎಲೆಗಳು ಇನ್‌ಫ್ರಾರೆಡ್ ಬೆಳಕನ್ನು ತುಂಬಾ ವಾಪಸ್ ಎರಚುತ್ತವೆ. ಹಾಗಾಗಿ ಅಡಿಕೆ ತೋಟವೇ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುವುದು.

ಪರೀಕ್ಷೆ ಸುಲಭ. ಸೆಟ್ಟಿಂಗ್‌ನಲ್ಲಿ ಹಗಲು, ರಾತ್ರಿ ಮೋಡ್‌ಗಳನ್ನು ನೀವೇ ಬದಲಿಸಿ, ಕ್ಯಾಮೆರಾ ಹತ್ತಿರ ಕಿವಿ ಇಡಿ. ಟಿಕ್ ಅನ್ನಬೇಕು. ಹಗಲು ಮೋಡ್‌ನಲ್ಲಿ ಟಿವಿ ರಿಮೋಟ್ ಹಿಡಿದು ಬಟನ್ ಒತ್ತಿ. ಅದರ ದೀಪ ಪರದೆಯಲ್ಲಿ ಜೋರಾಗಿ ಹೊಳೆದರೆ ಗಾಜು ಜಾಗದಲ್ಲಿಲ್ಲ. ಭಾವನ ಕ್ಯಾಮೆರಾ ಹತ್ತಾರು ಸಲ ಮೋಡ್ ಬದಲಿಸಿ, ಸುಮ್ನೆ ಬೆರಳಲ್ಲಿ ನಾಲ್ಕು ಸಲ ತಟ್ಟಿದ ಮೇಲೆ ಟಿಕ್ ಅಂದಿತು. ಎರಡು ತಿಂಗಳ ಮೇಲೆ ಮತ್ತೆ ಅಂಟಿತು. ಆಗ ಆ ಸಣ್ಣ ಫಿಲ್ಟರ್ ಭಾಗವನ್ನೇ ಬದಲಿಸಿದೆವು, ಕ್ಯಾಮೆರಾ ಹಳೆಯದೇ ಉಳಿಯಿತು.

ಇನ್ನು ಕೆಲವು, ಬೇಗ ಬೇಗ

ಮಂಡಗದ್ದೆಯ ಬೆಳ್ಳಕ್ಕಿಯ ರೆಕ್ಕೆ ಅಂಚಿಗೆ ನೇರಳೆ ಗೆರೆ ಬಂದರೆ ಅದು ಬಹುತೇಕ ಲೆನ್ಸಿನದು. ಹಕ್ಕಿಯನ್ನು ಫ್ರೇಮಿನ ನಡುವೆ ಒಮ್ಮೆ, ಮೂಲೆಯಲ್ಲಿ ಒಮ್ಮೆ ತೆಗೆಯಿರಿ. ಮೂಲೆಯಲ್ಲಿ ಜಾಸ್ತಿಯಾದರೆ, ಅಥವಾ ಅಪರ್ಚರ್ ಎರಡು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ) ಇಳಿಸಿದಾಗ ಕಡಿಮೆಯಾದರೆ, ಸೆನ್ಸರ್ ಬಿಟ್ಟುಬಿಡಿ.

ಕೆಂಪು ದಾಸವಾಳ, ಕೆಂಪು ರೇಷ್ಮೆ ಸೀರೆ ಬಣ್ಣ ಮೆತ್ತಿದ ಹಾಗೆ ಎಸಳು, ನೆರಿಗೆ ಕಾಣದೆ ಬಂದರೆ ಕೆಂಪು ಪಿಕ್ಸೆಲ್ ತುಂಬಿ ಚೆಲ್ಲಿವೆ. ಒಟ್ಟು ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿದರೆ ಗೊತ್ತಾಗುವುದಿಲ್ಲ, ಮೂರು ಬಣ್ಣದ್ದು ಬೇರೆ ಬೇರೆ ನೋಡಿ. ಒಂದು ಸ್ಟಾಪ್ ಇಳಿಸಿ ತೆಗೆದರೆ ಆಯಿತು.

ಬಿಳಿ ಗೋಡೆಯಲ್ಲಿ, ಆಕಾಶದಲ್ಲಿ ದೊಡ್ಡದು ಮಾಡಿದಾಗ ಸಣ್ಣ ಜಾಲರಿ ಕಂಡರೆ ಎರಡು ಹಸಿರುಗಳು ಒಂದಕ್ಕೊಂದು ಹೊಂದುತ್ತಿಲ್ಲ ಎಂದರ್ಥ. ಕೆಂಪಿನ ಪಕ್ಕದ ಹಸಿರಿಗೂ ನೀಲಿಯ ಪಕ್ಕದ ಹಸಿರಿಗೂ ಪಕ್ಕದವರಿಂದ ಸೋರುವ ಬೆಳಕು ಬೇರೆ ಬೇರೆ. ಹಸಿರು ಸರಿದೂಗಿಸುವ ಆಯ್ಕೆ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಸಾಫ್ಟ್‌ವೇರ್‌ನಲ್ಲಿದೆ.

ಪ್ರಾಜೆಕ್ಟಿಗೆ ಸೆನ್ಸರ್ ಅಂಕಿಗಳನ್ನು ತಾವೇ ಓದಿ ಬಣ್ಣ ಕಟ್ಟುವ ಎಂಜಿನಿಯರಿಂಗ್ ಹುಡುಗರು ಆಗಾಗ ಬರುತ್ತಾರೆ. ಅವರಿಗೆ ಹೇಳುವುದಿಷ್ಟು: ಕೆಂಪು ನೀಲಿ ಅದಲುಬದಲಾಗಿದ್ದರೆ ನಿಮ್ಮ ಓದು ಒಂದು ಅಡ್ಡ ಸಾಲು, ಒಂದು ನಿಂತ ಸಾಲು ಎರಡೂ ಜಾರಿರಬಹುದು. ಎಲೆ ನೇರಳೆಯಾಗಿದ್ದರೆ ಒಂದು ಮಾತ್ರ ಜಾರಿದೆ.

ಕೊನೆಗೆ ನಮ್ಮ ಮಳೆಯ ವಿಷಯ. "ಕಲರ್ ಫಿಲ್ಟರ್‌ಗೆ ಫಂಗಸ್ ಹಿಡಿದಿದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇಯರ್ ಪದರ ಸಿಲಿಕಾನ್ ಮೇಲೆಯೇ ಅಂಟಿದೆ, ಅದರ ಮೇಲೆ ಸಣ್ಣ ಸಣ್ಣ ಲೆನ್ಸ್, ಅದರ ಮೇಲೆ ಮುಚ್ಚಿದ ಗಾಜು. ಫಂಗಸ್ ಬೆಳೆಯುವುದು ಹೊರಗಿನ ಗಾಜಿನ ಮೇಲೆ ಅಥವಾ ಲೆನ್ಸಿನಲ್ಲಿ. ಸೆನ್ಸರ್ ಮುಂದಿನ ಗಾಜಿನ ಮೇಲಿನದು ಬಣ್ಣವಿಲ್ಲದ ಮಸುಕು ನೆರಳಾಗಿ ಕಾಣುತ್ತದೆ. ಧೂಳಿನ ಹಾಗೆಯೇ ಎಫ್ 16ರಲ್ಲಿ ಬಿಳಿ ಗೋಡೆ ತೆಗೆದರೆ ಎದ್ದು ಕಾಣುತ್ತದೆ, ಎಫ್ 2.8ರಲ್ಲಿ ಅಡಗುತ್ತದೆ. ಕ್ಯಾಮೆರಾವನ್ನು ಅಕ್ಕಿ ಡಬ್ಬಿಯಲ್ಲಿ ಇಡುವವರಿದ್ದಾರೆ. ಬೇಡ, ಅಕ್ಕಿ ಹುಡಿಯೇ ಒಳಗೆ ಸೇರುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಸಾಕು.

ಇಷ್ಟಾದ ಮೇಲೂ ರಿಪೇರಿಗೆ ಕೊಡಬೇಕಾಗಿ ಬಂದರೆ ಬರಿಗೈಯಲ್ಲಿ ಹೋಗಬೇಡಿ. ಕ್ಯಾಪ್ ಹಾಕಿ ತೆಗೆದ ಎರಡು ರಾ ಫೈಲ್, ಎಫ್ 16ರ ಬಿಳಿ ಗೋಡೆಯ ಒಂದು, ತೊಂದರೆ ಬಂದ ಫೋಟೋ ಒಂದು, ಅದೇ ಜಾಗದಲ್ಲಿ ಬೇರೆ ಲೆನ್ಸ್ ಹಾಕಿ ತೆಗೆದದ್ದು ಒಂದು. ಬಣ್ಣ ಕೆಟ್ಟದ್ದು ಬೆಳಕು ಬರುವಾಗಲೋ, ಅಳೆಯುವಾಗಲೋ, ಅಂದಾಜು ಮಾಡುವಾಗಲೋ ಅಂತ ಇವುಗಳಲ್ಲಿ ತೋರಿಸಿ ಎಂದು ಕೇಳಿ. ನಾನು ಮಾವನ ಅಂಗಿಯನ್ನೂ ಜೊತೆಗೆ ಒಯ್ದಿದ್ದೆ.